ಲೆಕ್ಕದ ಮಾತು: ಹಳೇ ಕೋಸ್ಟರ್ ಬಸ್ಸು, ಅದರೊಳಗೊಂದು ಮನೆ

ಈ ತಿಂಗಳ ಪ್ರಶ್ನೆ ಸ್ವಲ್ಪ ಬೇರೆ ತರಹದ್ದು. ಸಾಮಾನ್ಯವಾಗಿ ಈ ಅಂಕಣಕ್ಕೆ ಊರಿಗೆ ಹಣ ಕಳಿಸೋದು, ಎನ್‌ಆರ್‌ಇ ಖಾತೆ, ಚೀಟಿ ದುಡ್ಡು ಇಂಥ ಪ್ರಶ್ನೆಗಳೇ ಬರುತ್ತವೆ. ಈ ಸಲ ಘಾಲಾದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ, ಸುಳ್ಯ ಕಡೆಯ ಒಬ್ಬರು ಹೀಗೆ ಬರೆದು ಕೊಟ್ಟಿದ್ದಾರೆ:

"ಅಣ್ಣಾ, ನಾವು ರೂಮಿನ ನಾಲ್ಕು ಜನ ಸೇರಿ ಒಂದು ಹಳೇ ಕೋಸ್ಟರ್ ತಗೊಳ್ಳುವ ಅಂತ ಇದ್ದೇವೆ. ಕಂಪನಿಯವರು ಮಾರುವ ಲೇಬರ್ ಬಸ್ಸು. ಸೀಟು ತೆಗೆದು ಮಂಚ, ಸಣ್ಣ ಅಡಿಗೆ ಜಾಗ, ಎಸಿ ಎಲ್ಲ ನಾವೇ ಕೂರಿಸ್ತೇವೆ. ವೆಲ್ಡಿಂಗ್, ವೈರಿಂಗ್ ನಮ್ಮವರಿಗೇ ಗೊತ್ತುಂಟು. ರಜೆಯಲ್ಲಿ ತಿರುಗಬಹುದು. ಚಳಿಗಾಲದಲ್ಲಿ ಹೆಂಡತಿ, ಮಕ್ಕಳು ವಿಸಿಟ್‌ಗೆ ಬಂದರೆ ಎರಡು ತಿಂಗಳು ಅದರಲ್ಲೇ ಇರಿಸಬಹುದು. ನಾನು ಬಂದು ಹದಿನಾಲ್ಕು ವರ್ಷ ಆಯ್ತು, ಅವರು ಒಮಾನ್ ನೋಡಿಲ್ಲ. ಕಡೆಗೆ ಊರಿಗೂ ಕೊಂಡೋಗಬಹುದಲ್ಲ? ನನ್ನ ಪಾಲಿಗೆ ಸಾವಿರ ರಿಯಾಲ್ ಚಿಲ್ಲರೆ ಬೀಳ್ತದೆ. ಲೆಕ್ಕ ಸರಿ ಉಂಟಾ?"

ಈ ಆಸೆಯನ್ನು ನೋಡಿ ನಗುವವನು ನಾನಲ್ಲ. ಬೆಳಿಗ್ಗೆ ಐದಕ್ಕೆ ನಮ್ಮನ್ನು ಸೈಟಿಗೆ ಹೊತ್ತೊಯ್ಯುವ ಬಸ್ಸೇ ಒಂದು ದಿನ ನಮ್ಮ ಮನೆ ಆಗಬೇಕು ಅನ್ನೋದು ಸಣ್ಣ ಆಸೆ ಅಲ್ಲ. ಹುಚ್ಚು ಆಸೆಯೂ ಅಲ್ಲ. ಟೊಯೋಟಾ ಕಂಪನಿ 1969ರಿಂದ ಕೋಸ್ಟರ್ ಮಾಡುತ್ತಾ ಬಂದಿದೆ. ಆಸ್ಟ್ರೇಲಿಯಾದಲ್ಲಿ ಹಳೇ ಕೋಸ್ಟರ್, ಮಿತ್ಸುಬಿಷಿ ರೋಸಾ ಬಸ್ಸುಗಳನ್ನು ಮನೆ ಮಾಡಿಕೊಂಡು ದೇಶ ಸುತ್ತುವವರು ಬೇಕಾದಷ್ಟು ಜನ. ಏಳು ಮೀಟರ್ ಉದ್ದ, ಗಟ್ಟಿ ಎಂಜಿನ್, ಎಲ್ಲಾ ಕಡೆ ಸಿಗುವ ಸ್ಪೇರ್ ಪಾರ್ಟ್. ಗಾಡಿ ಒಳ್ಳೆಯದೇ.

ಆದರೆ ಪತ್ರದಲ್ಲಿ ಇರುವುದು ಒಂದು ಪ್ರಶ್ನೆ ಅಲ್ಲ, ಮೂರು. ತಿರುಗಲಿಕ್ಕೆ, ಸಂಸಾರ ಇರಿಸಲಿಕ್ಕೆ, ಊರಿಗೆ ಒಯ್ಯಲಿಕ್ಕೆ. ಮೂರಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು. ಒಂದೇ ಬಸ್ಸಿನ ಮೇಲೆ ಮೂರು ಆಸೆ ಹೇರಿದರೆ ಬೆಲೆ ಕಡಿಮೆ ಅಂತ ಕಾಣುತ್ತದೆ. ಬಿಡಿಸಿ ನೋಡಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಮೊದಲು ಊರಿನ ಮಾತು ಮುಗಿಸೋಣ. ಒಮಾನಿನ ಬಸ್ಸಿಗೆ ಸ್ಟೀರಿಂಗ್ ಎಡಕ್ಕೆ. ಭಾರತಕ್ಕೆ ತರುವ ಹಳೇ ಗಾಡಿಗೆ ಸ್ಟೀರಿಂಗ್ ಬಲಕ್ಕೇ ಇರಬೇಕು, ತಯಾರಾಗಿ ಮೂರು ವರ್ಷ ದಾಟಿರಬಾರದು ಅಂತ ನಮ್ಮ ಆಮದು ನಿಯಮ ಇದೆ. ಕಂಪನಿಯವರು ಹತ್ತು ಹನ್ನೆರಡು ವರ್ಷ ಓಡಿಸಿ ಮಾರುವ ಗಾಡಿ ಈ ಎರಡರಲ್ಲೂ ಬೀಳುತ್ತದೆ. ಹಾಗಾಗಿ ಈ ಬಸ್ಸು ಊರಿಗೆ ಬರೋದಿಲ್ಲ. ನೀವು ಊರಿಗೆ ಹೋಗುವ ದಿನ ಅದನ್ನು ಇಲ್ಲೇ ಮಾರಿ ಹೋಗಬೇಕು. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಈಗ ತಿರುಗುವ ಲೆಕ್ಕ. ಬಸ್ಸಿನ ಬೆಲೆ ಕೇಳಬೇಡಿ, ಅದರಲ್ಲಿ ಮಲಗುವ ಒಂದು ರಾತ್ರಿಯ ಬೆಲೆ ಕೇಳಿ. ಉದಾಹರಣೆಗೆ ಬಸ್ಸಿಗೆ 3,000 ರಿಯಾಲ್, ಒಳಗಿನ ಕೆಲಸಕ್ಕೆ 1,200 ಅಂತ ಇಟ್ಟುಕೊಳ್ಳಿ. ಒಟ್ಟು 4,200, ನಾಲ್ಕು ಪಾಲು ಮಾಡಿದರೆ ತಲೆಗೆ 1,050. ಮೂರು ವರ್ಷ ಇಟ್ಟುಕೊಂಡು 1,800ಕ್ಕೆ ಮಾರಿದಿರಿ. ಹೋದದ್ದು 2,400, ಅಂದರೆ ವರ್ಷಕ್ಕೆ 800. ಇನ್ಶೂರೆನ್ಸ್, ಮುಲ್ಕಿಯಾ ನವೀಕರಣ, ಆಯಿಲ್, ಬ್ಯಾಟರಿ, ರಿಪೇರಿ, ಟಯರು ಎಲ್ಲ ಸೇರಿ ವರ್ಷಕ್ಕೆ 450 ಅಂತ ಹಿಡಿಯಿರಿ. ಕೋಸ್ಟರಿಗೆ ಹಿಂದೆ ಜೋಡಿ ಚಕ್ರ, ಹಾಗಾಗಿ ಟಯರು ನಾಲ್ಕಲ್ಲ, ಆರು, ಮರೆಯಬೇಡಿ. ಎರಡೂ ಸೇರಿ ವರ್ಷಕ್ಕೆ 1,250.

ವರ್ಷಕ್ಕೆ ಎಷ್ಟು ರಾತ್ರಿ ಮಲಗುತ್ತೀರಿ? ನಮ್ಮಲ್ಲಿ ಎಷ್ಟೋ ಜನರಿಗೆ ರಜೆ ಅಂದರೆ ಶುಕ್ರವಾರ ಒಂದೇ. ಬೇಸಿಗೆಯಲ್ಲಿ ನಿಂತ ಬಸ್ಸಿನೊಳಗೆ ಮಲಗೋದು ಬಿಡಿ, ಕೂರಲಿಕ್ಕೂ ಆಗೋದಿಲ್ಲ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೆ ಎರಡು ಗುರುವಾರ ರಾತ್ರಿ ಹೊರಟರೆ ಹನ್ನೆರಡು ರಾತ್ರಿ. ಖರೀಫ್ ಸಮಯದಲ್ಲಿ ಸಲಾಲಾಕ್ಕೆ ಹೋದರೆ ಇನ್ನು ಆರು. ಒಟ್ಟು ಹದಿನೆಂಟು. 1,250ನ್ನು 18ರಿಂದ ಭಾಗಿಸಿ: ರಾತ್ರಿಗೆ 69 ರಿಯಾಲ್. ಡೀಸೆಲ್ ಇದರಲ್ಲಿ ಸೇರಿಲ್ಲ. ಸಲಾಲಾ ಇಲ್ಲಿಂದ ಸುಮಾರು ಸಾವಿರ ಕಿಲೋಮೀಟರ್. ಲೀಟರಿಗೆ ಆರು ಕಿಲೋಮೀಟರ್ ಕೊಟ್ಟರೆ, 258 ಬೈಸಾ ದರದಲ್ಲಿ ಹೋಗಿ ಬರಲಿಕ್ಕೆ ಸುಮಾರು 86 ರಿಯಾಲ್.

ಈಗ ನೀವು ಹೋಗಬೇಕೆಂದಿರುವ ಊರಲ್ಲಿ ಎರಡು ರೂಮಿನ ಬಾಡಿಗೆ ಕೇಳಿ, ಬಾಡಿಗೆ ಗಾಡಿಯ ದರ ಕೇಳಿ, ಆ 69ರ ಪಕ್ಕದಲ್ಲಿ ಬರೆಯಿರಿ. ವರ್ಷಕ್ಕೆ ನಲವತ್ತು ರಾತ್ರಿ ಮಲಗುವವರಾದರೆ ಅದೇ ಲೆಕ್ಕ 31ಕ್ಕೆ ಇಳಿಯುತ್ತದೆ, ಆಗ ಬಸ್ಸು ಗೆಲ್ಲಬಹುದು. ನಿಮ್ಮ ಡ್ಯೂಟಿ ಶೀಟ್ ತೆಗೆದು ಕಳೆದ ವರ್ಷ ನಾಲ್ವರಿಗೂ ಒಟ್ಟಿಗೆ ರಜೆ ಸಿಕ್ಕ ದಿನ ಎಷ್ಟು ಅಂತ ಎಣಿಸಿ. ನಾಲ್ವರಲ್ಲಿ ಯಾರಿಗೂ ಗೊತ್ತಿರದ ಸಂಖ್ಯೆ ಅದೇ ಇರುತ್ತದೆ.

ಮೂರನೆಯದು ಸಂಸಾರದ ಲೆಕ್ಕ. ಇದನ್ನು ಬರೀ ರಿಯಾಲಿನಲ್ಲಿ ಹಾಕಬೇಡಿ. ಜನವರಿಯ ರಾತ್ರಿ ಮಸ್ಕತ್‌ನಲ್ಲಿ ಎಸಿ ಬೇಡ, ನಿಜ. ಆದರೆ ನೀವು ಬೆಳಿಗ್ಗೆ ಕೆಲಸಕ್ಕೆ ಹೋದಿರಿ. ಸಂಜೆಯವರೆಗೆ ಹೆಂಡತಿ, ಇಬ್ಬರು ಮಕ್ಕಳು ವರ್ಕ್‌ಶಾಪ್ ಸಾಲಿನ ಪಕ್ಕ ನಿಂತ ಬಸ್ಸಿನಲ್ಲಿ. ನೂರು ಲೀಟರ್ ಟ್ಯಾಂಕಿನ ನೀರು ಅಡಿಗೆ, ಸ್ನಾನ ಎಲ್ಲಕ್ಕೂ ಬಳಸಿದರೆ ಒಂದು ದಿನ ಬರುವುದೇ ಕಷ್ಟ. ಶೌಚಾಲಯದ ಟ್ಯಾಂಕ್ ಖಾಲಿ ಮಾಡೋದು ಎಲ್ಲಿ? ಮಧ್ಯಾಹ್ನ ಎಸಿ ಹಾಕೋಣ ಅಂದರೆ, 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 1,200 ವಾಟ್-ಅವರ್. ಸಾವಿರ ವಾಟ್ ಎಳೆಯುವ ಎಸಿ ಅದನ್ನು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಎರಡು ರಾತ್ರಿಗೆ ಬಸ್ಸು ಮಕ್ಕಳಿಗೆ ಖುಷಿ. ಎರಡು ತಿಂಗಳಿಗೆ ಅದು ಮನೆ ಆಗೋದಿಲ್ಲ, ಇನ್ನೊಂದು ಕ್ಯಾಂಪ್ ಆಗುತ್ತದೆ. ಹದಿನಾಲ್ಕು ವರ್ಷ ಕ್ಯಾಂಪಿನಲ್ಲಿ ನೀವು ಇದ್ದದ್ದು ಸಾಕು, ಅವರಿಗೂ ಯಾಕೆ?

ಅದೇ 1,050 ರಿಯಾಲನ್ನು ಹೀಗೆ ಬರೆದು ನೋಡಿ: ಎರಡು ತಿಂಗಳಿಗೆ ಸಣ್ಣ ಫ್ಲಾಟು ಅಥವಾ ರೂಮಿಗೆ 400, ಮೂವರ ಟಿಕೆಟ್ ಮತ್ತು ವೀಸಾಕ್ಕೆ 400, ಮೂರು ದಿನ ಬಾಡಿಗೆ ಕಾರಿನಲ್ಲಿ ನಿಝ್ವಾ ಕೋಟೆ, ಸೂರ್, ರಾಸ್ ಅಲ್ ಜಿನ್ಝ್‌ನ ಕಡಲಾಮೆ ನೋಡಿ ಬರಲು 150, ಕೈಯಲ್ಲಿ 100. ಇವು ಉದಾಹರಣೆಯ ಅಂಕಿ, ನಿಮಗೆ ಸಿಕ್ಕಿದ ದರ ಹಾಕಿಕೊಳ್ಳಿ. ನಿಮ್ಮ ಪತ್ರದ ಮೂರು ಆಸೆಗಳಲ್ಲಿ ಇನ್ನು ಮುಂದೂಡಬಾರದ್ದು ಇದೊಂದೇ. ಮಕ್ಕಳು ದೊಡ್ಡವರಾಗ್ತಾ ಇದ್ದಾರೆ. ಬಸ್ಸು ಮುಂದಿನ ವರ್ಷವೂ ಮಾರಾಟಕ್ಕೆ ಇರುತ್ತದೆ.

ಇಷ್ಟು ಕೇಳಿಯೂ, ನಲವತ್ತು ರಾತ್ರಿ ಖಂಡಿತ ಆಗ್ತದೆ, ತಗೊಂಡೇ ತಗೊಳ್ತೇವೆ ಅನ್ನುವವರು ಇದ್ದಾರೆ. ಅವರಿಗೆ ನಾಲ್ಕು ಮಾತು.

ಒಂದು, ಕಾಗದ. ಮುಲ್ಕಿಯಾದಲ್ಲಿ ಇಷ್ಟು ಸೀಟಿನ ಬಸ್ಸು ಅಂತ ಇರುತ್ತದೆ. ಒಳಗೆ ಮಂಚ, ಸ್ಟವ್ ಇದ್ದರೆ ಕಾಗದಕ್ಕೂ ಗಾಡಿಗೂ ತಾಳೆ ಆಗೋದಿಲ್ಲ. ಅಪಘಾತ ಆದ ದಿನ ಇನ್ಶೂರೆನ್ಸಿನವರು ಮೊದಲು ನೋಡುವುದೂ ಇದನ್ನೇ. ಆದ್ದರಿಂದ ಮುಂಗಡ ಕೊಡುವ ಮುಂಚೆಯೇ ರಾಯಲ್ ಒಮಾನ್ ಪೊಲೀಸರ ಟ್ರಾಫಿಕ್ ಕಚೇರಿಗೆ ಹೋಗಿ ಮೂರು ವಿಷಯ ಕೇಳಿ: ಈ ಗಾಡಿ ನನ್ನ ಹೆಸರಿಗೆ ಆಗುತ್ತದಾ, ಸೀಟು ತೆಗೆಯಲು ಅನುಮತಿ ಸಿಗುತ್ತದಾ, ನನ್ನ ಲೈಸೆನ್ಸಿನಲ್ಲಿ ಇದನ್ನು ಓಡಿಸಬಹುದಾ. ಮೂರಕ್ಕೂ ಹೌದು ಅಂದರೆ ಮಾತ್ರ ಸೀಟಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ.

ಎರಡು, ಹೆಸರು. ದುಡ್ಡು ನಾಲ್ವರದು, ಮುಲ್ಕಿಯಾದಲ್ಲಿ ಹೆಸರು ಒಬ್ಬರದು. ರಾಡಾರ್ ಫೈನು ಬೀಳೋದು ಅವರ ಹೆಸರಿಗೆ. ನಾಳೆ ಅವರ ವೀಸಾ ಕ್ಯಾನ್ಸಲ್ ಆದರೆ, ಹೊರಡುವ ಗಡಿಬಿಡಿಯಲ್ಲಿ ಗಾಡಿ ಅರ್ಧ ಬೆಲೆಗೆ ಹೋಗುತ್ತದೆ. ಅದಕ್ಕೇ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ. ಬಿಟ್ಟು ಹೋಗುವವರಿಗೆ ಎಷ್ಟು ಕೊಡಬೇಕು? ಮೇಲಿನ ಲೆಕ್ಕವನ್ನೇ ಹಿಡಿಯಿರಿ: ವರ್ಷಕ್ಕೆ 800 ಕಳೆದು ನಾಲ್ಕರಿಂದ ಭಾಗಿಸಿ. ಒಂದು ವರ್ಷದ ನಂತರ ಒಂದು ಪಾಲು 850, ಎರಡರ ನಂತರ 650, ಮೂರರ ನಂತರ 450. ಜಗಳ ಬರುವ ಮುಂಚೆ ಬರೆದದ್ದು ಲೆಕ್ಕ, ಬಂದ ಮೇಲೆ ಬರೆದದ್ದು ದೂರು. ಖರ್ಚಿಗೊಂದು ಪುಸ್ತಕ ಗಾಡಿಯಲ್ಲೇ ಇರಲಿ. ಮತ್ತೆ, ಬೇರೆಯವರನ್ನು ಬಾಡಿಗೆಗೆ ಹತ್ತಿಸಿ ಖರ್ಚು ತೆಗೆಯುವ ಯೋಚನೆ ಬೇಡ. ಲೈಸೆನ್ಸ್ ಇಲ್ಲದೆ ಅದು ಕಾನೂನಿಗೆ ವಿರುದ್ಧ.

ಮೂರು, ಗಾಡಿ. ಲೇಬರ್ ಬಸ್ಸಿನ ಕಿಲೋಮೀಟರ್ ನೋಡಿ ಮರುಳಾಗಬೇಡಿ. ಸೈಟಿನ ಹೊರಗೆ ಎಸಿ ಹಾಕಿಕೊಂಡು ಗಂಟೆಗಟ್ಟಲೆ ನಿಂತಿರುತ್ತದೆ. ಮೀಟರ್ ಓಡೋದಿಲ್ಲ, ಎಂಜಿನ್ ಓಡುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ, ಹೊಗೆ ನೋಡಿ. 1ಎಚ್‌ಝಡ್ ಡೀಸೆಲ್ ಎಂಜಿನ್ ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಬಿಲ್ಲು ಕೇಳಿ. ನೆಲದ ಮ್ಯಾಟ್ ಎತ್ತಿ ತುಕ್ಕು ನೋಡಿ. ಕಡಲಬದಿಯ ಗಾಡಿಗೆ ತುಕ್ಕು ಕೆಳಗಿನಿಂದ ಹತ್ತುತ್ತದೆ.

ನಾಲ್ಕು, ಜೀವ. ಕಿಟಕಿ ಮುಚ್ಚಿಕೊಂಡು ಒಳಗೆ ಗ್ಯಾಸ್ ಸ್ಟವ್, ಪಕ್ಕದಲ್ಲಿ ಜನರೇಟರ್ ಇಟ್ಟು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅದಕ್ಕೊಂದು ಅಲಾರಂ ಹಾಕಿಸಿ. ತುರ್ತು ಬಾಗಿಲಿಗೆ ಅಡ್ಡವಾಗಿ ಕಪಾಟು ಇಡಬೇಡಿ. ವಾದಿಯ ಮರಳು ಚೆಂದ ಕಂಡರೂ ಅಲ್ಲಿ ರಾತ್ರಿ ಗಾಡಿ ನಿಲ್ಲಿಸಬೇಡಿ. ಬೆಟ್ಟದಲ್ಲಿ ಮಳೆ ಬಿದ್ದರೆ ಮಳೆಯೇ ಇಲ್ಲದ ಜಾಗಕ್ಕೂ ನೀರು ನುಗ್ಗುತ್ತದೆ. ಜಬಲ್ ಅಖ್ದರ್ ಆಸೆ ಇದ್ದರೆ ಈ ಬಸ್ಸಿನಲ್ಲಿ ಬೇಡ. ಬಿರ್ಕತ್ ಅಲ್ ಮೌಝ್ ಚೆಕ್‌ಪೋಸ್ಟಿನಿಂದ ಮೇಲಕ್ಕೆ ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಬಿಡುತ್ತಾರೆ.

ಊರಲ್ಲೇ ಇಂಥ ಗಾಡಿ ಮಾಡೋಣ ಅನ್ನುವವರಿಗೂ ಒಂದು ಮಾತು. ಅಲ್ಲಿಯೂ ಕಾಗದ ಮೊದಲು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅಂತ ಪ್ರತ್ಯೇಕ ಮಾನದಂಡ ಇದೆ. ಕಾಸರಗೋಡಿನವರಿಗೆ ಗೊತ್ತಿರಬಹುದು, ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು. ವೆಲ್ಡಿಂಗ್, ವೈರಿಂಗ್ ಗೊತ್ತಿರುವ ಕೈಗೆ ಊರಲ್ಲಿ ಅದು ಒಂದು ಕೆಲಸವೂ ಆಗಬಹುದು.

ಸುಳ್ಯದ ಅಣ್ಣನಿಗೆ ನನ್ನ ಉತ್ತರ ಇಷ್ಟೇ: ಈ ಚಳಿಗಾಲಕ್ಕೆ ಮನೆಯವರ ಟಿಕೆಟ್ ಮೊದಲು ತೆಗೆಯಿರಿ. ಬಸ್ಸಿನ ವಿಚಾರ ಡ್ಯೂಟಿ ಶೀಟ್ ಎಣಿಸಿದ ಮೇಲೆ, ಮಾರ್ಚ್ ಕಳೆದು ಮಾತಾಡುವ.

ಮುಂದಿನ ತಿಂಗಳು ಸೆಟ್ಲ್‌ಮೆಂಟ್ ಹಣದ ಲೆಕ್ಕ ನೋಡೋಣ. ಮೂಲ ವೇತನ ಎಷ್ಟು, ಸೇರಿದ ತಾರೀಕು ಯಾವುದು ಅಂತ ನಿಮ್ಮ ಕಾಂಟ್ರಾಕ್ಟ್ ತೆಗೆದು ಈಗಲೇ ನೋಡಿಟ್ಟುಕೊಳ್ಳಿ.