ಮಡಿಲು ತುಂಬುವ ಮುನ್ನ



ಸೇಡಂ ತಾಲೂಕಿನ ಒಂದು ಊರಿನಲ್ಲಿ ನಮ್ಮ ಪ್ರವಚನ ಮಂಗಲಗೊಂಡು ಜನರೆಲ್ಲರೂ ಪ್ರಸಾದಕ್ಕೆ ತೆರಳಿದ ಮೇಲೆ ಗಂಡ ಹೆಂಡತಿ ಇಬ್ಬರು ನಮ್ಮೆದುರಿಗೆ ಉಳಿದರು. ಆತ ಶಹಾಬಾದದಲ್ಲಿ ಪರ್ಶಿ ಕಲ್ಲಿನ ಕೆಲಸ ಮಾಡುವವನು. ಆಕೆ ಚಿಂಚೋಳಿ ಕಡೆಯ ಮಗಳು. ಮದುವೆಯಾಗಿ ಏಳು ವರ್ಷ ಕಳೆದಿದ್ದವು. ಹರಕೆ, ತಾಯಿತ, ನಾಟಿ ಔಷಧಿ ಎಲ್ಲವೂ ಮುಗಿದಿದ್ದವು. ಉಳಿದದ್ದು ‘ಬಂಜೆ’ ಎಂಬ ಒಂದೇ ಮಾತು. ಅದು ಆಕೆಯ ಪಾಲಿಗೆ ಮಾತ್ರ.

ಬಂಧುವೊಬ್ಬನು ವೀರ್ಯ ಕೊಡಲು ಒಪ್ಪಿರುವನೆಂದೂ, ದಿನ ನೋಡಿಕೊಂಡು ಸಿರಿಂಜಿನಿಂದ ಮನೆಯಲ್ಲಿಯೇ ಕಾರ್ಯ ಮುಗಿಸಬಹುದೆಂದು ಮೊಬೈಲಿನಲ್ಲಿ ನೋಡಿದೆವೆಂದೂ ಹೇಳಿದರು. “ಇದು ಪಾಪವೇ, ಬುದ್ಧಿ?” ಎಂದು ಆಕೆ ಕೇಳಿದಳು. ಆತ ನೆಲವನ್ನೇ ನೋಡುತ್ತಿದ್ದನು. “ನಿನ್ನ ಪರೀಕ್ಷೆ ಆಗಿದೆಯೇ?” ಎಂದು ನಾವು ಆತನನ್ನು ಕೇಳಿದೆವು. ಆಗಿರಲಿಲ್ಲ.

ಇಂಥ ವಿಷಯ ಈ ಪುಟಗಳಿಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದಾಗ ರಜಸ್ಸೂತಕವನ್ನೂ ತಳ್ಳಿಹಾಕಿದರು. ಋತುಚಕ್ರ ಮೈಲಿಗೆಯಲ್ಲವೆಂದ ಮೇಲೆ ಅದರ ಲೆಕ್ಕ ತಿಳಿಯುವುದರಲ್ಲಿ ನಾಚಿಕೆ ಏತಕ್ಕೆ?

ಆ ಲೆಕ್ಕವನ್ನು ಮೊದಲು ಹೇಳುತ್ತೇವೆ. ಮುಟ್ಟಾದ 14ನೆಯ ದಿನವೇ ಗರ್ಭ ನಿಲ್ಲುವ ದಿನವೆಂಬುದು ಎಲ್ಲರಿಗೂ ಸಲ್ಲದ ಮಾತು. ಜಪಾನಿನ ವೈದ್ಯ ಕ್ಯುಸಾಕು ಒಗಿನೊ 1924ರಲ್ಲಿ ತೋರಿಸಿದಂತೆ ಎಣಿಕೆಯನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಹಾಕಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡೋತ್ಸರ್ಗವಾಗುತ್ತದೆ. ಚಕ್ರ 28 ದಿನಗಳದ್ದಾದರೆ ಅದು 14ನೆಯ ದಿನದ ಸುಮಾರಿಗೆ. 32 ದಿನಗಳದ್ದಾದರೆ 18ನೆಯ ದಿನದ ಸುಮಾರಿಗೆ. ಹೊರಬಂದ ಅಂಡಾಣು ಒಂದು ದಿನಕ್ಕಿಂತ ಹೆಚ್ಚು ಬಾಳದು. ವೀರ್ಯಾಣುವಾದರೋ ಸ್ತ್ರೀಶರೀರದಲ್ಲಿ 5 ದಿನಗಳವರೆಗೆ ಬದುಕಬಲ್ಲುದು. ಆದುದರಿಂದ ಅಂಡೋತ್ಸರ್ಗದ ದಿನವೂ ಅದರ ಹಿಂದಿನ 5 ದಿನಗಳೂ ಫಲದ ದಿನಗಳು.

ದೇಹವೂ ಸೂಚನೆ ಕೊಡುತ್ತದೆ. ಆ ದಿನಗಳಲ್ಲಿ ಬಿಳಿಸ್ರಾವವು ತತ್ತಿಯ ಬಿಳಿಲೋಳೆಯಂತೆ ತಿಳಿಯಾಗಿ ಎಳೆಎಳೆಯಾಗುತ್ತದೆ. ಔಷಧಿ ಅಂಗಡಿಯಲ್ಲಿ ದೊರೆಯುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದರೆ ಎಲ್‌ಎಚ್ ಎಂಬ ಹಾರ್ಮೋನಿನ ಏರಿಕೆ ತಿಳಿಯುತ್ತದೆ. ಏರಿದ ಒಂದೂವರೆ ದಿನದೊಳಗೆ ಸಾಮಾನ್ಯವಾಗಿ ಅಂಡ ಹೊರಬರುತ್ತದೆ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅಳೆದ ಮೈಯ ಉಷ್ಣತೆ ಅಂಡೋತ್ಸರ್ಗದ ನಂತರ ಅರ್ಧ ಡಿಗ್ರಿ ಸೆಲ್ಸಿಯಸ್ಸಿನೊಳಗೆ ಏರುತ್ತದೆ. ಆದರೆ ಇದು ಸಮಯ ಕಳೆದ ಮೇಲೆ ಬರುವ ಸುದ್ದಿ. ಮೂರು ನಾಲ್ಕು ತಿಂಗಳು ಬರೆದಿಟ್ಟರೆ ಮಾತ್ರ ಚಕ್ರದ ಕ್ರಮ ತಿಳಿದೀತು. ಇವಿಷ್ಟೂ ಮನೆಯಲ್ಲಿಯೇ ಗಂಡ ಹೆಂಡಿರು ಕೂಡಿ ಮಾಡತಕ್ಕ ಕೆಲಸ.

ಇನ್ನು ದಾನದ ಮಾತು. ದಾನಿಯನ್ನು ಹುಡುಕುವ ಮುನ್ನ ಗಂಡನ ಪರೀಕ್ಷೆ ಆಗಲೇಬೇಕು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಹೆಣ್ಣಿನ ಪರೀಕ್ಷೆಗಳಿಗೆ ಹೋಲಿಸಿದರೆ ವೀರ್ಯಪರೀಕ್ಷೆ ಸುಲಭ, ನೋವಿಲ್ಲದ್ದು. ವಾಡಿ, ಶಹಾಬಾದ, ಸೇಡಂಗಳದು ಸುಣ್ಣಕಲ್ಲಿನ, ಸಿಮೆಂಟಿನ ಸೀಮೆ. ಎಲ್ಲಿಯೇ ಆಗಲಿ, ತೀವ್ರ ಶಾಖದೆದುರು ಬಹುಕಾಲ ದುಡಿಯುವುದರಿಂದ ವೀರ್ಯಾಣುಗಳು ಕುಂದಬಹುದು, ತಂಬಾಕಿನಿಂದಲೂ ಕುಂದಬಹುದು. ವೃಷಣದ ರಕ್ತನಾಳಗಳು ಉಬ್ಬಿದ್ದರೆ ಅದಕ್ಕೆ ಚಿಕಿತ್ಸೆ ಉಂಟು. ಎಷ್ಟೋ ಮನೆಗಳಲ್ಲಿ ದಾನಿಯ ಅಗತ್ಯವೇ ಬೀಳದಿರಬಹುದು.

ಅಗತ್ಯ ಬಿದ್ದರೆ ಅದು ಪಾಪವಲ್ಲ. ಆದರೆ ಅದನ್ನು ಗುಟ್ಟಾಗಿ ಮನೆಯಲ್ಲಿ ಮಾಡಬಾರದು. ಬಂಧುವಿನ ಹಸಿವೀರ್ಯದೊಡನೆ ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕುಗಳು ಬರಬಹುದು. ಅವು ನೋಡಿದರೆ ಕಾಣುವಂಥವಲ್ಲ. ತೊಳೆಯದ ವೀರ್ಯವನ್ನು ಗರ್ಭಕೋಶದೊಳಕ್ಕೆ ನೂಕಿದರೆ ತೀವ್ರ ನೋವೂ ಸೋಂಕೂ ಉಂಟಾಗಬಹುದು. ಆಸ್ಪತ್ರೆಯಲ್ಲಿ ಪರೀಕ್ಷಿಸಿ ಶೀತಲೀಕರಿಸಿಟ್ಟ ವೀರ್ಯವನ್ನು ತೊಳೆದು, ಅಂಡೋತ್ಸರ್ಗದ ಹೊತ್ತಿಗೆ ಸಣ್ಣ ನಳಿಕೆಯಿಂದ ಒಳಗಿಡುತ್ತಾರೆ. ಕೆಲವೇ ನಿಮಿಷಗಳ ಕೆಲಸ.

ಇದಕ್ಕಿಂತ ದೊಡ್ಡದು ಮಗುವಿನ ಪ್ರಶ್ನೆ. ನಾಳೆ ಆ ಬಂಧು ಹೊಲದ ಬದುವಿನ ಜಗಳದಲ್ಲಿ “ಅದು ನನ್ನ ಕೂಸು” ಎಂದರೆ ಯಾರು ಉತ್ತರಿಸುವವರು? ನಮ್ಮ ದೇಶದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ. ಅದರ ಪ್ರಕಾರ 21ರಿಂದ 55 ವರ್ಷದೊಳಗಿನ ಪುರುಷನಿಂದ ನೋಂದಾಯಿತ ಬ್ಯಾಂಕೇ ವೀರ್ಯವನ್ನು ಪಡೆಯಬೇಕು. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡಕೂಡದು. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಉಳಿಯದು. ಹುಟ್ಟಿದ ಕೂಸು ಎಲ್ಲ ಹಕ್ಕುಗಳೊಡನೆ ಆ ದಂಪತಿಗಳದೇ. ಈ ರಕ್ಷಣೆ ಕಾಯ್ದೆಯ ದಾರಿಯಲ್ಲಿ ನಡೆದವರಿಗೆ.

ಲಿಖಿತ ಒಪ್ಪಿಗೆಯೂ ಕಡ್ಡಾಯ. ಇದು ಬರಿಯ ಕಾಗದದ ಮಾತಲ್ಲ. 1884ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ವೈದ್ಯರೊಬ್ಬರು ಒಬ್ಬಾಕೆಗೆ ಮತ್ತು ಬರಿಸಿ, ಅನ್ಯರ ವೀರ್ಯದಿಂದ ಗರ್ಭ ನಿಲ್ಲಿಸಿದರು. ಗಂಡನಿಗೆ ಅನಂತರ ತಿಳಿಸಿದರು; ಆಕೆಗೆ ತಿಳಿಸಲೇ ಇಲ್ಲ. ಹೊತ್ತು ಹೆರುವವಳಿಗೇ ತಿಳಿಸದೆ ಕೊಟ್ಟದ್ದು ದಾನವಾಗಲಾರದು. ನಮ್ಮ ಮನೆಗಳಲ್ಲಿಯೂ ಅತ್ತೆ ಮಾವಂದಿರ ಒತ್ತಾಯದಿಂದ ಸೊಸೆ ತಲೆಯಾಡಿಸಿದರೆ ಅದು ಒಪ್ಪಿಗೆಯಲ್ಲ.

ವರ್ಷವೊಂದು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಲ್ಲಿಯೇ, ಇಬ್ಬರೂ ವೈದ್ಯರನ್ನು ಕಾಣಬೇಕು. ಸೇಡಂ, ಚಿತ್ತಾಪುರ, ಶಹಾಬಾದದವರಿಗೆ ವಾಡಿ ಜಂಕ್ಷನ್ನಿನ ಮೂಲಕವೋ ನೇರವಾಗಿಯೋ ಕಲಬುರಗಿಗೆ ರೈಲು ಉಂಟು, ಚಿಂಚೋಳಿಯವರಿಗೆ ಬಸ್ಸು. ಆಸ್ಪತ್ರೆಯ ನೋಂದಣಿ ಪತ್ರವನ್ನು ಕೇಳಿ ನೋಡಲು ಸಂಕೋಚ ಬೇಡ.

ಆ ದಂಪತಿಗಳಿಗೆ ನಾವು ಹೇಳಿದ್ದೂ ಇಷ್ಟೇ. ತಿಂಗಳೆರಡರ ಮೇಲೆ ಅವರು ಮಠಕ್ಕೆ ಬಂದರು. ಆತನೇ ಮಾತು ತೆಗೆದು, “ಪರೀಕ್ಷೆ ಮಾಡಿಸಿದೆ, ಬುದ್ಧಿ, ಮನೆಯಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟೆ” ಎಂದನು. ಫಲಿತಾಂಶವೇನೆಂದು ನಾವು ಕೇಳಲಿಲ್ಲ. ಆಕೆ ತಲೆಯೆತ್ತಿ ಕುಳಿತಿದ್ದಳು.