ಈ ವಾರ ನಮ್ಮ ಮನೆಯಲ್ಲಿ: ಹಿತಕಿದ ಬೇಳೆ ಮತ್ತು ಅತ್ತೆಯವರ ಪುಸ್ತಕ



ಸಂಕ್ರಾಂತಿ ಕಳೆದರೂ ನಮ್ಮ ಅವಲಪಲ್ಲಿಯಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಏಳು ಗಂಟೆಯಾದರೂ ಮಂಜು ಹೊಲದ ಮೇಲೆಯೇ ಕೂತಿರುತ್ತದೆ. ಹಾಗೆ ಮಂಜು ಬಿದ್ದರೇನೇ ಅವರೆಕಾಯಿಗೆ ಸೊಗಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಸೂರಿನ ಮಾರುಕಟ್ಟೆಯಲ್ಲಿ ಈಗ ಎಲ್ಲಿ ನೋಡಿದರೂ ಅವರೆಕಾಯಿಯ ರಾಶಿ. ಅದರ ಪಕ್ಕದಲ್ಲಿ ನಡೆದು ಹೋದರೆ ಸಾಕು, ಆ ವಾಸನೆಗೆ ಹಸಿವಾಗುತ್ತದೆ. ಈ ವಾರವೆಲ್ಲ ನಮ್ಮ ಮನೆಯಲ್ಲಿ ಅವರೆಯದೇ ರಾಜ್ಯ. ಹಾಗಾಗಿ ಈ ಸಲದ ಅಂಕಣವೂ ಅದರದೇ. ಜೊತೆಗೆ ನನ್ನ ಮನಸ್ಸನ್ನು ವಾರವಿಡೀ ಕಾಡಿದ ಒಂದು ಸಂಗತಿಯನ್ನೂ ನಿಮ್ಮಲ್ಲಿ ಹೇಳಿಕೊಳ್ಳುತ್ತೇನೆ.

ಸೋಮವಾರ ಆದದ್ದು ಇಷ್ಟು. ಹಿತಕಿದ ಬೇಳೆ ಸಾರು ನಾನು ನಲವತ್ತು ವರ್ಷದಿಂದ ಕೈ ಅಳತೆಯಲ್ಲೇ ಮಾಡುತ್ತಿದ್ದೇನೆ. ಆದರೆ ನಿಮಗೆ ಬರೆಯುವಾಗ "ಒಂದು ಹಿಡಿ, ಒಂದು ಚಿಟಿಕೆ" ಎಂದರೆ ಆಗುತ್ತದೆಯೇ? ಸರಿಯಾದ ಅಳತೆ ನೋಡೋಣವೆಂದು ನಮ್ಮ ಅತ್ತೆಯವರ ಅಡುಗೆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದೆ. ಅದೊಂದು ಹಳೆಯ ನೋಟ್ ಪುಸ್ತಕ. ರಟ್ಟಿನ ಮೇಲೆ ಅವರ ಕೈಬರಹದಲ್ಲಿ "ಹೊಸೂರು ತಾಲ್ಲೂಕು, ಸೇಲಂ ಜಿಲ್ಲೆ" ಎಂದಿದೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಅತ್ತೆಯವರು ಮನೆ ಬದಲಿಸದೆಯೇ ಮೂರು ಜಿಲ್ಲೆಗಳಲ್ಲಿ ಬಾಳಿದರು! ಒಳಗೆ ಎಲ್ಲವೂ ಸೀಸದ ಕಡ್ಡಿಯ ಸಣ್ಣ ಸಣ್ಣ ಕನ್ನಡ ಅಕ್ಷರ. ಅಳತೆಗಳೆಲ್ಲ ಚಟಾಕು, ಪಾವು, ಸೇರಿನಲ್ಲಿ. ಮಾಂಸದ ಅಡುಗೆಗಳ ಪಕ್ಕದಲ್ಲಿ ಮರೆಯದೆ "ಶುಕ್ರವಾರ ಬೇಡ" ಎಂಬ ಸೂಚನೆ.

ನನಗೆ ಕಣ್ಣಿಗೆ ಪೊರೆ ಬಂದಿದೆ. ಮುಂದಿನ ತಿಂಗಳು ಆಪರೇಷನ್. ಎಷ್ಟು ಹತ್ತಿರ ಹಿಡಿದರೂ ಆ ಅಕ್ಷರ ಹತ್ತಲಿಲ್ಲ. ಆರನೇ ತರಗತಿ ಓದುವ ಮೊಮ್ಮಗಳನ್ನು ಕರೆದು, "ಇದನ್ನು ಸ್ವಲ್ಪ ಓದಮ್ಮಾ" ಎಂದೆ. ಅವಳು ಪುಸ್ತಕ ಹಿಡಿದು, ಪುಟ ತಿರುಗಿಸಿ, ವಾಪಸ್ಸು ಕೊಟ್ಟು, "ಅಜ್ಜೀ, ಇದು ಕನ್ನಡ ಅಲ್ವಾ? ನಂಗೆ ಓದೋಕೆ ಬರಲ್ಲ" ಎಂದಳು.

ಅವಳ ಮಾತಿನಲ್ಲಿ ಬೇಸರವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ನನಗೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಮಗು ಹುಟ್ಟಿದಾಗಿನಿಂದ ನನ್ನ ಜೊತೆ ಮಾತನಾಡುವುದು ಕನ್ನಡ. ಶಾಲೆಯಲ್ಲಿ ಓದುವುದು ಇಂಗ್ಲಿಷು, ತಮಿಳು. 2006ರ ಕಾಯಿದೆ ಬಂದ ಮೇಲೆ ನಮ್ಮ ರಾಜ್ಯದಲ್ಲಿ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಇಲ್ಲಿ ಬದುಕುವ ಮಗುವಿಗೆ ತಮಿಳು ಬೇಕೇ ಬೇಕು. ಅವಳು ಅದನ್ನು ಚೆನ್ನಾಗಿ ಓದುತ್ತಾಳೆ ಎಂಬುದು ನನಗೆ ಹೆಮ್ಮೆಯೇ. ಆದರೆ ಕನ್ನಡ ಅಕ್ಷರ ಕಲಿಸುವುದು ಶಾಲೆಯ ಕೆಲಸವಲ್ಲ ಎಂದಾದ ಮೇಲೆ ಅದು ಮನೆಯ ಕೆಲಸವಾಗಬೇಕಿತ್ತಲ್ಲ? ಹನ್ನೊಂದು ವರ್ಷ ಮಗು ನನ್ನ ಕಣ್ಣ ಮುಂದೆಯೇ ಇದ್ದಳು. ನಾನೇ ಮರೆತೆ. ಮಗನಿಗೆ ಓದಲು ಬರುತ್ತದೆ, ಅವನಿಗೆ ಫ್ಯಾಕ್ಟರಿಯ ಶಿಫ್ಟಿನಲ್ಲಿ ಬಿಡುವಿಲ್ಲ. ಸೊಸೆ ಧರ್ಮಪುರಿ ಕಡೆಯವಳು, ಅವಳದು ತಮಿಳು. ನನ್ನ ಕಾಲವಾದ ಮೇಲೆ ಈ ಪುಸ್ತಕವನ್ನು ತೆರೆದು ನೋಡುವವರು ಯಾರು?

ಮಂಗಳವಾರ ಅವರೆಕಾಯಿ ಸುಲಿಯಲು ಪಕ್ಕದ ಮನೆಯಾಕೆ ಬಂದರು. ಅವರದು ತೆಲುಗು. ಪುಸ್ತಕ ನೋಡಿ, ಬೆರಳಿಟ್ಟು ತಡವರಿಸುತ್ತಾ ಅರ್ಧಕ್ಕರ್ಧ ಓದಿಯೇ ಬಿಟ್ಟರು! ಕನ್ನಡ ಅಕ್ಷರಕ್ಕೂ ತೆಲುಗು ಅಕ್ಷರಕ್ಕೂ ತಲೆಕಟ್ಟಿನಲ್ಲಿ ವ್ಯತ್ಯಾಸ ಬಿಟ್ಟರೆ ಅಕ್ಕತಂಗಿಯರ ಹೋಲಿಕೆ. ಸಾರಿನ ಹೆಸರು ಓದಿದವರೇ ನಕ್ಕು, "ಇದಿ ಮಾ ಪಿತಿಕಿನ ಪಪ್ಪೇ ಕದಾ!" ಎಂದರು. ಅಡುಗೆಮನೆಯಿಂದ ಸೊಸೆ, "ನಮ್ಮಲ್ಲಿ ಪಿದುಕ್ಕು ಪರುಪ್ಪು ಅಂತಾರೆ ಅತ್ತೆ" ಎಂದಳು. ಹಿತಕಿದ, ಪಿತಿಕಿನ, ಪಿದುಕ್ಕು. ಮೂರು ಮನೆಗಳಲ್ಲಿ ಒಂದೇ ಕೆಲಸ, ಒಂದೇ ಪದ.

ಮೊಮ್ಮಗಳ ಕಿವಿ ನೆಟ್ಟಗಾಯಿತು. "ಹಾಗಾದ್ರೆ ತಮಿಳಿನ 'ಪ' ಕನ್ನಡದಲ್ಲಿ 'ಹ' ಆಗುತ್ತಾ?" ಎಂದಳು. ಆಗುತ್ತದೆ ಎಂದೆ. ತಮಿಳಿನ ಪಾಲ್ ನಮ್ಮ ಹಾಲು, ಪೂ ನಮ್ಮ ಹೂ, ಪಲ್ ನಮ್ಮ ಹಲ್ಲು, ಪುಲಿ ನಮ್ಮ ಹುಲಿ. ಹಳೆಗನ್ನಡದಲ್ಲಿ ನಮ್ಮಲ್ಲೂ 'ಪ' ಎಂದೇ ಇತ್ತು, ಕಾಲ ಕಳೆದಂತೆ ಅದು 'ಹ' ಆಯಿತು. ನಮ್ಮೂರಿನ ಹೆಸರಿನಲ್ಲಿರುವ 'ಪಲ್ಲಿ'ಯೂ ಕನ್ನಡದ 'ಹಳ್ಳಿ'ಯೂ ಒಂದೇ ಬಳ್ಳಿಯವು. ಕಾಯಿ ಸುಲಿದು ಮುಗಿಯುವ ಹೊತ್ತಿಗೆ ಅವಳು ತಾನೇ ಇನ್ನಷ್ಟು ಪದ ಹುಡುಕಿದ್ದಳು. ಸುಲಿದ ಕಾಳು ನೀರಿಗೆ ಹಾಕಿ ಮಲಗಿದೆವು.

ಈಗ ಅಡುಗೆಗೆ ಬರೋಣ. ಬುಧವಾರ ಮಾಡಿದ ಸಾರಿನ ವಿವರ ಇಲ್ಲಿದೆ. ಮಗ ಶಿಫ್ಟ್ ಮುಗಿಸಿ ಬಂದು ಪುಸ್ತಕ ಓದಿ ಹೇಳಿದ, ಪಾವನ್ನು ಲೋಟಕ್ಕೆ ನಾನು ಇಳಿಸಿಕೊಂಡೆ.

ಹಿತಕಿದ ಬೇಳೆ ಸಾರು (ಐದು ಜನಕ್ಕೆ)

ಬೇಕಾಗುವುದು: ಹಿತಕಿದ ಅವರೆಬೇಳೆ 2 ಲೋಟ, ಆಲೂಗಡ್ಡೆ 1, ಈರುಳ್ಳಿ 2, ಟೊಮೆಟೊ 2, ಒಣಮೆಣಸಿನಕಾಯಿ 6, ಧನಿಯ 2 ಚಮಚ, ಗಸಗಸೆ 1 ಚಮಚ, ಚಕ್ಕೆ ಒಂದು ಚೂರು, ಲವಂಗ 3, ಬೆಳ್ಳುಳ್ಳಿ 8 ಎಸಳು, ಶುಂಠಿ ಒಂದು ಅಂಗುಲ, ತೆಂಗಿನ ತುರಿ ಅರ್ಧ ಲೋಟ, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಅರಿಶಿನ, ಉಪ್ಪು, ಎಣ್ಣೆ, ಸಾಸಿವೆ, ಕರಿಬೇವು.

ಮಾಡುವ ಕ್ರಮ: ಹಸಿ ಅವರೆಕಾಳನ್ನು ರಾತ್ರಿ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿತುಕಿದರೆ ಬೇಳೆ ಪುಳಕ್ಕನೆ ಹೊರಗೆ ಬರುತ್ತದೆ. ಸಿಪ್ಪೆ ಮೇಕೆಗೋ ಹಸುವಿಗೋ ಹಾಕಿ. ಧನಿಯ, ಮೆಣಸಿನಕಾಯಿ, ಗಸಗಸೆ, ಚಕ್ಕೆ, ಲವಂಗವನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಹುರಿಯಿರಿ. ಒಂದು ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಇವೆಲ್ಲವನ್ನೂ ತೆಂಗಿನ ತುರಿ, ಕೊತ್ತಂಬರಿ ಸೊಪ್ಪಿನೊಂದಿಗೆ ನುಣ್ಣಗೆ ರುಬ್ಬಿ. ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು ಸಿಡಿಸಿ, ಇನ್ನೊಂದು ಈರುಳ್ಳಿ, ಟೊಮೆಟೊ ಹಾಕಿ ಬಾಡಿಸಿ. ಬೇಳೆ, ಆಲೂಗಡ್ಡೆ ಹೋಳು, ಅರಿಶಿನ, ಮುಳುಗುವಷ್ಟು ನೀರು ಹಾಕಿ ಬೇಯಿಸಿ. ಬೇಳೆ ಮೆತ್ತಗಾದ ಮೇಲೆ ರುಬ್ಬಿದ ಮಸಾಲೆ, ಉಪ್ಪು, ಬೇಕಾದಷ್ಟು ನೀರು ಸೇರಿಸಿ ಹತ್ತು ನಿಮಿಷ ಕುದಿಸಿ.

ಒಂದು ಕಿವಿಮಾತು: ಈ ಬೇಳೆಗೆ ಕುಕ್ಕರ್ ಬೇಡ. ತೆರೆದ ಪಾತ್ರೆಯಲ್ಲಿ ಕಾಲು ಗಂಟೆಯ ಒಳಗೆ ಬೇಯುತ್ತದೆ. ಕುಕ್ಕರಿನಲ್ಲಿ ಕರಗಿ ಗಂಜಿಯಾದರೆ ಹಿತುಕಿದ ಶ್ರಮವೆಲ್ಲ ನೀರುಪಾಲು. ಬಿಸಿ ರಾಗಿ ಮುದ್ದೆ ಇದಕ್ಕೆ ಸರಿಜೋಡಿ. ಮಿಕ್ಕಿದ ಸಾರು ಮರುದಿನ ಒತ್ತು ಶಾವಿಗೆಗೆ ಇನ್ನೂ ರುಚಿ.

ಗುರುವಾರ ಮೊಮ್ಮಗಳು ಒಂದು ಉಪಾಯ ತೆಗೆದಳು. "ನೀನು ಹೇಳು ಅಜ್ಜಿ, ನಾನು ತಮಿಳಲ್ಲೇ ಬರೆದುಕೊಳ್ತೀನಿ." ನಾನು ಹೇಳುತ್ತಾ ಹೋದೆ, ಅವಳು ಬರೆದಳು. ಆಮೇಲೆ ಗಟ್ಟಿಯಾಗಿ ಓದು ಎಂದೆ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ, ಕ, ಗ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಅವಳು ಬೇಕೆಂದೇ ಬೇಳೆಯನ್ನು "ಪೇಳೆ" ಎಂದೂ ಗಸಗಸೆಯನ್ನು "ಕಸಕಸೆ" ಎಂದೂ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮಿಳು ಮಾತಿಗೆ ಅವರ ಅಕ್ಷರವೇ ಚೆಂದ. ನಮ್ಮ ಬೇಳೆ ಬೇಯಬೇಕಾದರೆ ನಮ್ಮ 'ಬ' ಬೇಕು ನೋಡು ಎಂದೆ. "ಹಾಗಾದ್ರೆ 'ಬ' ಹೇಗೆ ಬರೆಯೋದು ತೋರಿಸು" ಎಂದಳು. ಹಿಟ್ಟು ಚೆಲ್ಲಿದ್ದ ಮಣೆಯ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಅಂದು ಹಿಟ್ಟಿನಲ್ಲಿ ಎಂಟು ಅಕ್ಷರ ಕಲಿತಳು.

ಶುಕ್ರವಾರ ರಾತ್ರಿ ಓದಿನ ಸಮಯ. ನಮ್ಮಲ್ಲೊಂದು ಒಪ್ಪಂದವಾಯಿತು. ಅವಳು ನನಗೆ ತಮಿಳಿನಲ್ಲಿ ಒಂದು ಪುಟ ಓದಬೇಕು, ಅವಳಪ್ಪ ನಮಗಿಬ್ಬರಿಗೂ ಕನ್ನಡದಲ್ಲಿ ಒಂದು ಕತೆ ಓದಬೇಕು. ಅವಳು ಆರಿಸಿದ್ದು ರಾಜಾಜಿಯವರ ತಮಿಳು ರಾಮಾಯಣ. ಅದಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ರಾಜಾಜಿಯವರು 1878ರಲ್ಲಿ ಹುಟ್ಟಿದ್ದು ನಮ್ಮ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲೇ. ನಾವು ಆರಿಸಿದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರರ "ರಂಗನ ಮದುವೆ". ಮಾಸ್ತಿಯವರು 1891ರಲ್ಲಿ ಹುಟ್ಟಿದ್ದು ಇಲ್ಲಿಂದ ಬಾಗಲೂರು ದಾಟಿ ಹೋದರೆ ಸಿಗುವ ಮಾಲೂರು ತಾಲ್ಲೂಕಿನಲ್ಲಿ. ಅವರ ಮನೆಮಾತು ತಮಿಳು, ಬರೆದದ್ದು ಕನ್ನಡದಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಕನ್ನಡಕ್ಕೆ ತಂದುಕೊಟ್ಟವರೂ ಅವರೇ. ಇದನ್ನು ಕೇಳಿ ಸೊಸೆಯೂ ಪಾತ್ರೆ ತೊಳೆಯುವುದು ಬಿಟ್ಟು ಬಂದು ಕೂತಳು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಹೊಸಹಳ್ಳಿಯ ರಂಗ ಇಂಗ್ಲಿಷ್ ಓದಲು ಬೆಂಗಳೂರಿಗೆ ಹೋಗಿ ಬರುತ್ತಾನೆ. ಹುಡುಗ ಕೆಟ್ಟುಹೋದನೋ ಹೇಗೋ ಎಂದು ನೋಡಲು ಊರೇ ಅವನ ಮನೆ ಮುಂದೆ ಸೇರುತ್ತದೆ. ನೋಡಿದರೆ ಹುಡುಗ ಮೊದಲಿನಂತೆಯೇ ಇದ್ದಾನೆ! ಮುಂದೆ ಅವನ ಮದುವೆ ಹೇಗಾಯಿತೆಂಬುದನ್ನು ನೀವೇ ಓದಿ ನಕ್ಕುಬಿಡಿ. ಹನ್ನೊಂದನೇ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿ ಈ ಕತೆ ಇಂಗ್ಲಿಷಿನಲ್ಲೂ ಇತ್ತು. ನನಗೆ ಮಾತ್ರ ಆ ಊರಿನವರ ಗಾಬರಿ ನನ್ನದೇ ಗಾಬರಿಯಂತೆ ಕಂಡಿತು. ಮಗು ಬೇರೆ ಭಾಷೆ ಕಲಿತದ್ದರಿಂದ ನಮ್ಮಿಂದ ದೂರವಾಗಿರಲಿಲ್ಲ. ಅವಳನ್ನು ಹತ್ತಿರ ಕರೆದು ಕೂರಿಸಿಕೊಳ್ಳುವುದನ್ನು ನಾನು ಬಿಟ್ಟಿದ್ದೆ, ಅಷ್ಟೇ.

ಈ ವಾರ ಮನಸ್ಸಿಗೆ ಹಿತ ತಂದ ಸಣ್ಣ ಸಣ್ಣ ಸಂಗತಿಗಳು:

* ನೆನೆದ ಕಾಳು ಹಿತುಕುವಾಗ ಬೇಳೆ ಜಾರಿ ಹೋಗಿ ಮಗನ ಕಾಫಿ ಲೋಟಕ್ಕೆ ಬಿದ್ದದ್ದು.
* ಅವರೆಕಾಯಿ ಸುಲಿದ ಕೈಯ ಸೊಗಡು ರಾತ್ರಿ ಮಲಗಿದಾಗಲೂ ಮೂಗಿಗೆ ಬರುತ್ತಿದ್ದದ್ದು.
* ಪಕ್ಕದ ಮನೆಯಾಕೆ ಕಳಿಸಿದ ಪಿತಿಕಿನ ಪಪ್ಪು. ಅದೇ ಬೇಳೆ, ಬೇರೆ ಕೈರುಚಿ. (ಬಟ್ಟಲು ಬರಿದಾಗಿ ವಾಪಸ್ಸು ಹೋಗಲಿಲ್ಲ!)
* ಬೆಳಗಿನ ಬಿಸಿಲಿನಲ್ಲಿ ಬೆನ್ನು ಕಾಯಿಸುತ್ತಾ ಕುಡಿದ ರಾಗಿ ಅಂಬಲಿ.

ಭಾನುವಾರ ಪೂಜೆ ಮುಗಿಸಿ ಬಂದು ಊಟವಾದ ಮೇಲೆ ಮೊಮ್ಮಗಳು ಅತ್ತೆಯವರ ಪುಸ್ತಕ ಕೇಳಿದಳು. ಕೊನೆಯಲ್ಲಿ ಕೆಲವು ಪುಟಗಳು ಖಾಲಿ ಇವೆ. ಅದರಲ್ಲಿ ಸೀಸದ ಕಡ್ಡಿಯಿಂದ, ನಾಲಗೆ ಕಚ್ಚಿಕೊಂಡು, ಬಹಳ ಹೊತ್ತು ಬರೆದಳು. ಪೊರೆ ಬಂದ ನನ್ನ ಕಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರ: "ಇತಕಿದ ಬೇಳೆ ಸಾರು". 'ಹ' ಬಿಟ್ಟುಹೋಗಿದೆ. ನಾವು ಮನೆಯಲ್ಲಿ ಆಡುವುದೇ ಹಾಗಲ್ಲವೇ, ಕಿವಿಗೆ ಕೇಳಿದಂತೆ ಬರೆದಿದ್ದಾಳೆ. ತಿದ್ದಬೇಕೆಂದು ಕೈ ಹೋಯಿತು. ಆಮೇಲೆ ಬೇಡವೆನಿಸಿತು. 'ಹ' ಬರೆಯುವುದನ್ನು ಬರುವ ವಾರ ಕಲಿತರಾಯಿತು.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದ್ದೊಂದು ಹಳೆಯ ಪುಸ್ತಕ ಇರಬಹುದು. ಈ ವಾರ ಅದನ್ನು ತೆಗೆದು ಧೂಳು ಕೊಡವಿ, ಮನೆಯ ಮಕ್ಕಳ ಕೈಗೆ ಕೊಟ್ಟು ನೋಡಿ. ಓದಲು ಬಂದರೆ ಸಂತೋಷ. ಬರದಿದ್ದರೆ ಬೈಯಬೇಡಿ, ಅವರೆಕಾಯಿ ಸುಲಿಯಲು ಕರೆಯಿರಿ. ನಿಮ್ಮ ಅಜ್ಜಿಯರ ಕಾಲದ ಅಡುಗೆ ಏನಾದರೂ ಸಿಕ್ಕಿದರೆ ನಮಗೂ ಬರೆದು ಕಳಿಸಿ. ಅಳತೆ ಪಾವಿನಲ್ಲಿದ್ದರೂ ಚಿಂತೆಯಿಲ್ಲ, ಓದಿ ಹೇಳಲು ನಮ್ಮ ಮನೆಯಲ್ಲಿ ಈಗ ಒಬ್ಬಳು ತಯಾರಾಗುತ್ತಿದ್ದಾಳೆ.