ಪುಸ್ತಕ ಸುಡಲು ಬೆಂಕಿಯೇ ಬೇಕೆಂದಿಲ್ಲ

ಕಾಗದ ಹೊತ್ತಿಕೊಳ್ಳಲು ಎಷ್ಟು ಉಷ್ಣತೆ ಬೇಕು? ಅಮೆರಿಕದ ಲೇಖಕ ರೇ ಬ್ರಾಡ್‌ಬರಿ ಹೇಳಿದ ಅಂಕಿ 451 ಡಿಗ್ರಿ ಫ್ಯಾರನ್‌ಹೀಟ್. ಇದರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿದರೆ ಸುಮಾರು 233 ಡಿಗ್ರಿ ಸೆಲ್ಸಿಯಸ್. ಕಾಗದದ ಬಗೆ, ದಪ್ಪ, ತೇವಾಂಶಕ್ಕೆ ತಕ್ಕಂತೆ ಇದು ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. 1953ರಲ್ಲಿ ಪ್ರಕಟವಾದ ಅವರ ಕಾದಂಬರಿಯ ಹೆಸರೇ ‘ಫ್ಯಾರನ್‌ಹೀಟ್ 451’.

ಆ ಕಾದಂಬರಿಯ ಊರಿನಲ್ಲಿ ಪುಸ್ತಕ ಇಟ್ಟುಕೊಳ್ಳುವುದು ಅಪರಾಧ. ಅಗ್ನಿಶಾಮಕ ದಳದವರು ಬೆಂಕಿ ಆರಿಸುವವರಲ್ಲ, ಪುಸ್ತಕಗಳಿಗೆ ಬೆಂಕಿ ಇಡುವವರು. ನಾಯಕ ಮೊಂಟಾಗ್‌ ಅವರಲ್ಲೊಬ್ಬ. ಅವನ ಮನೆಯ ಮೂರು ಗೋಡೆಗಳು ಟಿ.ವಿ. ಪರದೆಗಳು, ಹೆಂಡತಿಗೆ ನಾಲ್ಕನೆಯದೂ ಬೇಕು. ಅವಳ ಕಿವಿಯಲ್ಲಿ ಚಿಪ್ಪಿನಂಥ ಪುಟ್ಟ ರೇಡಿಯೋ. ಬಿ.ಸಿ. ರೋಡಿನಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಈಗ ಅಂಥ ಚಿಪ್ಪುಗಳಿಗೆ ಬರವಿಲ್ಲ.

ಆದರೆ ಕಾದಂಬರಿ ಹೇಳುವ ಮುಖ್ಯ ಸಂಗತಿ ಬೇರೆಯೇ. ಅಲ್ಲಿ ಸರಕಾರ ಮೊದಲು ಪುಸ್ತಕ ನಿಷೇಧಿಸಲಿಲ್ಲ. ಜನರೇ ಓದು ಬಿಟ್ಟರು. ಗ್ರಂಥ ಸಾರಾಂಶವಾಯಿತು, ಸಾರಾಂಶ ಕೆಲವು ಸಾಲುಗಳಾಯಿತು. ಬೆಂಕಿ ಬಂದದ್ದು ಕೊನೆಗೆ. ಇಂದು ಪಠ್ಯಪುಸ್ತಕ ಗೈಡ್ ಆಗಿದೆ, ಗೈಡ್ ‘ಪಾಸಿಂಗ್ ಪ್ಯಾಕೇಜ್’ ಆಗಿದೆ, ಅದೂ ಒಂದು ನಿಮಿಷದ ಮೊಬೈಲ್ ವಿಡಿಯೋ ಆಗುತ್ತಿದೆ. ಆಮ್ಲ ಲೋಹದೊಡನೆ ವರ್ತಿಸುತ್ತದೆ ಎಂದು ಬರೆದು ಪೂರ್ಣ ಅಂಕ ಪಡೆದ ಹುಡುಗನಿಗೆ, ಹುಣಸೆಹುಳಿ ಹಾಕಿದ ಸಾರನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಅಜ್ಜಿ ಏಕೆ ಇಡುವುದಿಲ್ಲ ಎಂದು ಕೇಳಿದರೆ ಉತ್ತರವಿಲ್ಲ.

ಪುಸ್ತಕ ಉಳಿಸಿದವರ ಕಥೆ ಮೂಡುಬಿದಿರೆಯಲ್ಲಿದೆ. ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ ‘ಧವಳಾ’ ಜೈನ ಸಿದ್ಧಾಂತದ ಮಹಾಟೀಕೆ. ಭಾಷೆ ಪ್ರಾಕೃತ, ಸಂಸ್ಕೃತ. ಗುರುಬಸದಿಯ ತಾಳೆಗರಿಗಳಲ್ಲಿ ಅದರ ಲಿಪಿ ಹಳೆಯ ಕನ್ನಡ. ಅದರಲ್ಲಿ ಗಣಿತವೂ ಇದೆ. 32ನ್ನು ಐದು ಬಾರಿ ಅರ್ಧ ಮಾಡಿದರೆ 1 ಸಿಗುತ್ತದೆ. ಆದ್ದರಿಂದ 32ರ ‘ಅರ್ಧಚ್ಛೇದ’ 5. ಇಂದಿನ ಲಾಗರಿತಮ್‌ ಕೂಡ ಇದೇ ಜಾತಿಯದು. ಗೆದ್ದಲು, ತೇವ, ಮಳೆಗಾಲಗಳಿಂದ ಆ ಗರಿಗಳನ್ನು ಶತಮಾನಗಳ ಕಾಲ ಕಾಪಾಡಿದರು. ಆದರೂ ಬಹುಕಾಲ ಅವು ದರ್ಶನಕ್ಕಷ್ಟೇ ಇದ್ದವು. 19ನೇ ಶತಮಾನದ ಕೊನೆಯಲ್ಲಿ ನಕಲು ಮಾಡುವ ಕೆಲಸ ಮೊದಲಾಗಿ, 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಗಣಿತಜ್ಞರೂ ಅದನ್ನು ಓದುವಂತಾಯಿತು. ಕಾಪಾಡಿದ ಪುಸ್ತಕಕ್ಕೂ ಓದುಗ ಬೇಕು.

ಕಾದಂಬರಿಯ ಕೊನೆಯಲ್ಲಿ ಊರು ಬಿಟ್ಟ ಕೆಲವರು ಒಂದೊಂದು ಪುಸ್ತಕವನ್ನು ಬಾಯಿಪಾಠ ಮಾಡಿ ಉಳಿಸುತ್ತಾರೆ. ಬಂಟ್ವಾಳ, ಬೆಳ್ತಂಗಡಿಯ ಗದ್ದೆಗಳಲ್ಲಿ ನೇಜಿ ನೆಡುತ್ತಾ ಪಾಡ್ದನ ಹೇಳುತ್ತಿದ್ದ ಹೆಂಗಸರು ಮಾಡಿದ್ದೂ ಇದನ್ನೇ. ಅಕ್ಷರ ಕಲಿಯದವರ ನೆನಪಿನಲ್ಲಿ ಇಡೀ ಕಥೆಗಳು ಉಳಿದವು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಪಾಡ್ದನಗಳನ್ನು ಯಾರೂ ಸುಡಲಿಲ್ಲ. ಹೇಳುವ ಸಂದರ್ಭ ತಪ್ಪಿತು, ಕೇಳುವವರು ಕಡಿಮೆಯಾದರು. ಕಾಗದ ಉರಿಯಲು 233 ಡಿಗ್ರಿ ಬೇಕು. ಮರೆವಿಗೆ ಕೋಣೆಯ ಉಷ್ಣತೆಯೇ ಸಾಕು.

ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡು ತಾವು ಟಿ.ವಿ. ಮುಂದೆ ಕೂರುವ ತಂದೆ ತಾಯಿಯ ಮಾತಿಗೆ ಬೆಲೆ ಸಿಗುವುದಿಲ್ಲ. ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮನೆಮಂದಿಯೆಲ್ಲ ಪುಸ್ತಕ ಹಿಡಿದರೆ ಸಾಕು. ಮಗು ಪಾಠದ ಒಂದು ಪುಟ ಗಟ್ಟಿಯಾಗಿ ಓದಲಿ. ಅರ್ಥವಾಗದ ಕಡೆ ನಿಲ್ಲಿಸಿ ‘ಏಕೆ’ ಎಂದು ಕೇಳಲಿ. ಹಿತ್ತಾಳೆ ಪಾತ್ರೆಯ ಗುಟ್ಟು ಅಜ್ಜಿಯಿಂದಲೇ ತಿಳಿಯಬಹುದು.